ತಪ್ಪಿಟ್ಟು ಹೇಳುವವಳು

ಸರ್ ಎಂದು ಒಂದು ಸದ್ದು, ಮತ್ತೆ ಸರ್, ನೆನೆದ ಬೆತ್ತದ ಎಳೆ ಕುರ್ಚಿಯ ಚೌಕಟ್ಟಿನ ತೂತಿನಿಂದ ಮೇಲೆದ್ದು ಎದುರಿನ ತೂತಿಗೆ ಇಳಿಯುತ್ತಿದೆ, ತುದಿಯಿಂದ ಒಂದೊಂದೇ ಹನಿ ನೆಲಕ್ಕೆ, ಈಗಷ್ಟೇ ಒರೆಸಿದ ನೆಲ, ಫಿನಾಯಿಲ್ ವಾಸನೆ ಇನ್ನೂ ಹೋಗಿಲ್ಲ, ಒರೆಸಿದ ಆಯಾ ನೋಡಿದರೆ ಗ್ರಹಚಾರ ಬಿಡಿಸುತ್ತಾಳೆ, ಬಿಡಿಸಲಿ, ಅಪ್ಪನ ಕೈ ಆಡುತ್ತಿದೆಯಲ್ಲ, ಏಳು ವಾರದಿಂದ ಮಡಿಲಲ್ಲಿ ಮಗುಚಿ ಬಿದ್ದಿದ್ದ ಕೈ — ಮಗಳು ಗಡಿಯಾರ ನೋಡಿದಳು, ಮೂರು ಹತ್ತು, ನೋಡಬಾರದಿತ್ತು ಎಂದುಕೊಂಡು ಮತ್ತೆ ನೋಡಿದಳು, ಮೂರು ಹತ್ತೇ. ನಾಲ್ಕಕ್ಕೆ ಗಾಡಿ ಬರುತ್ತದೆ, ನಗರದ ದೊಡ್ಡಾಸ್ಪತ್ರೆಯ ಬಿಳಿ ಗಾಡಿ, ಹಿಂಬಾಗಿಲಿಗೆ ಹೊರಗಿನಿಂದ ಚಿಲಕ, ಅಷ್ಟರೊಳಗೆ ಅಪ್ಪ ಒಂದು ಮಾತು ಆಡಿದರೆ ಇಲ್ಲೇ ಉಳಿಯುತ್ತಾನೆ, ಆಡದಿದ್ದರೆ ಹತ್ತಿಸಬೇಕು, ಡಾಕ್ಟರು ಕೊಟ್ಟ ಗಡುವು ಅದು, ಪಾಪ ಅವರೂ ಎರಡು ಸಲ ಮುಂದಕ್ಕೆ ಹಾಕಿದ್ದಾರೆ, ಊಟ ಬಿಟ್ಟ ಮನುಷ್ಯನ್ನ ಇನ್ನೆಷ್ಟು ದಿನ ಇಲ್ಲಿಟ್ಟುಕೊಳ್ಳಲಿ ಹೇಳಿ ಅಂದಿದ್ದರು, ಅವರ ಮಾತಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಆದರೆ ಈ ಮನುಷ್ಯನನ್ನು ಇನ್ನೊಂದು ಸಲ ಗಾಡಿಗೆ ಹತ್ತಿಸುವುದೆಂದರೆ — ಒಂಬತ್ತನೇ ವಯಸ್ಸಿನಲ್ಲಿ ಲಾರಿಯಲ್ಲಿ ತುಂಬಿಕೊಂಡು ಹೋದ ಮೇಲೆ ಅಪ್ಪ ಬಸ್ಸು ಕೂಡ ಹತ್ತಿದವನಲ್ಲ, ಎಲ್ಲಿಗೆ ಹೋಗಬೇಕಾದರೂ ಕಾಲೇ ಗತಿ. ಡಾಕ್ಟರು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಾರೆ, ತೊಡೆಯ ಮೇಲೆ ಕಾಗದ, ಸಹಿಯೊಂದು ಬಾಕಿ, ಕೂರೋದಾದ್ರೆ ಕೂತ್ಕೊಳ್ಳಿ, ಬಾಯಿ ಮಾತ್ರ ಬಿಡಬೇಡಿ ಎಂದು ಅತ್ತೆ ಮೊದಲೇ ತಾಕೀತು ಮಾಡಿದ್ದಾಳೆ, ಅತ್ತೆ ಅಂದರೆ ಅಪ್ಪನ ಅಕ್ಕ, ಇದೇ ಆಸ್ಪತ್ರೆಯ ಕೆಳಮಹಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಹಾಸಿಗೆ ಬಟ್ಟೆ ಒಗೆದು ಮಡಿಸಿದವಳು, ಅವಳ ತಾಕೀತಿಗೆ ಎದುರಾಡಿದ ಡಾಕ್ಟರು ಈ ಕಟ್ಟಡದಲ್ಲಿ ಇನ್ನೂ ಹುಟ್ಟಿಲ್ಲ. ಮಧ್ಯಾಹ್ನ ಬಂದವಳೇ ಅತ್ತೆ ಕೋಣೆಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿದಳು, ಮಗಳು ತರಬೇತಿಯಲ್ಲಿ ಕಲಿತಂತೆ ಇಟ್ಟಿದ್ದ ಎರಡು ಕುರ್ಚಿ, ಸ್ವಲ್ಪ ಓರೆಯಾಗಿ ಎದುರುಬದುರು, ಕೈಗೆಟಕುವಲ್ಲಿ ಕಣ್ಣೊರೆಸುವ ಕಾಗದದ ಡಬ್ಬಿ, ಇದೇನಮ್ಮ ಇಬ್ಬರು ಜಗಳಕ್ಕೆ ಕೂರೋ ಹಾಗೆ ಮಾಡಿದೀಯ ಅಂದಳು, ಡಬ್ಬಿಯನ್ನು ಬೀರುವಿನ ಮೇಲೆ ಎಸೆದಳು, ಅಪ್ಪನನ್ನು ಕಿಟಕಿಯತ್ತ ಮುಖ ಮಾಡಿಸಿ ಚಾಪೆಯ ಮೇಲೆ ಕೂರಿಸಿ, ಮುಂದೆ ಒಂದು ಹರಿದ ಪುಟ್ಟ ಕುರ್ಚಿ, ಒಂದು ಬಕೆಟ್ಟು ನೀರಲ್ಲಿ ಬೆತ್ತ, ದಬ್ಬಳ, ಬೆಣೆಗಳು, ತಾನು ಅವನ ಬೆನ್ನ ಹಿಂದೆ ಕೂತಳು. ಮೂರೂ ಜನ ಈಗ ಅಪ್ಪನ ಬೆನ್ನು ನೋಡುತ್ತ ಕೂತಿದ್ದಾರೆ.

ಆ ಪುಟ್ಟ ಕುರ್ಚಿಗಳೇ ತಂದದ್ದು ಇದನ್ನೆಲ್ಲ, ಇಪ್ಪತ್ತಾರು ಕುರ್ಚಿ, ಅಪ್ಪನ ಅಂಗಡಿಯ ಮುಂದೆ ಒಂದು ದಿನ ಇಳಿಸಿ ಹೋದರು, ಕುರ್ಚಿಗೆ ಬೆತ್ತ ಹೆಣೆಯುವುದರಲ್ಲಿ ಅಪ್ಪನನ್ನು ಮೀರಿಸುವವರು ಈ ಊರಲ್ಲಿಲ್ಲ, ಹಳೆಯ ಹಾಸ್ಟೆಲ್ ಕೆಡವುತ್ತಿದ್ದಾರೆ, ಸಾಮಾನು ಹೊಸ ಶಿಶುವಿಹಾರಕ್ಕೆ ಬೇಕಂತೆ, ಬೇಗ ಮಾಡಿಕೊಡಿ ಅಂದರಂತೆ ಅಂಗಡಿಗೆ ತಂದವರು, ಯಾವ ಹಾಸ್ಟೆಲ್ಲು ಎಂದು ಅಪ್ಪ ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ, ಆ ಕುರ್ಚಿಯ ಮೇಲೆ ಕೂತು ಎದ್ದವನು, ನಮ್ಮ ಬುಡಕಟ್ಟಿನವರ ಮಕ್ಕಳನ್ನು ಒಯ್ದು ತಿದ್ದಿ ತೀಡಿ ಮನುಷ್ಯರನ್ನಾಗಿ ಮಾಡುತ್ತೇವೆಂದು ಕಟ್ಟಿದ್ದ ಹಾಸ್ಟೆಲ್ಲು, ಮಕ್ಕಳು ತಮ್ಮ ಮನೆಮಾತಿನಲ್ಲಿ ಒಂದು ಶಬ್ದ ಆಡಿದರೆ ಆ ಹೊತ್ತಿನ ಊಟ ಇಲ್ಲ. ಮೊದಲ ಕುರ್ಚಿಯ ಹಳೆ ಬೆತ್ತ ಕಿತ್ತು ಹಾಕಿದ, ಎರಡನೆಯದಕ್ಕೆ ಕೈ ಹಾಕಿದ, ಅಷ್ಟೇ, ಮಧ್ಯಾಹ್ನ ಅವಳು ಊಟ ತಂದಾಗ ಎರಡು ಕಾಲ ನಡುವೆ ಕುರ್ಚಿ ಹಿಡಿದು ಕೂತಿದ್ದ, ಅಂದಿನಿಂದ ಬಾಯಿಗೆ ಬೀಗ. ಮತ್ತು ಅವಳು, ಆಪ್ತಸಲಹೆಗಾರ್ತಿ ಎಂದು ಬಾಗಿಲ ಮೇಲೆ ಫಲಕ ಹಾಕಿಸಿಕೊಂಡವಳು, ನಮ್ಮವರಲ್ಲೇ ಮೊದಲನೆಯವಳು ಎಂದು ಬೆನ್ನು ತಟ್ಟಿಸಿಕೊಂಡವಳು, ಆರು ವಾರ ಅಪ್ಪನ ಎದುರಿಗೆ ಕೂತು ಮುಖ ನೋಡಿ ನೋಡಿ ಕೇಳಿದ್ದಾಳೆ, ಏನನ್ನಿಸುತ್ತಿದೆ ಅಪ್ಪಾ, ಹೇಳಬೇಕು ಅನ್ನಿಸಿದರೆ ಹೇಳು, ಅವಸರವಿಲ್ಲ — ನೆನೆದರೆ ಈಗ ಮೈಯೆಲ್ಲ ನಾಚಿಕೆ. ನಿನ್ನ ನೋವೇನು ಎಂದು ಮುಖಕ್ಕೆ ಮುಖ ಕೊಟ್ಟು ಕೇಳುವುದು ನಮ್ಮಲ್ಲಿ ಬಟ್ಟೆ ಬಿಚ್ಚು ಅಂದ ಹಾಗೆ ಎಂದು ಅತ್ತೆ ಹೇಳಿದ್ದು ಹೋದ ವಾರ, ಅಲ್ಲಿಯ ತನಕ ಅವಳಿಗೆ ಗೊತ್ತೇ ಇರಲಿಲ್ಲ, ಹೇಗೆ ಗೊತ್ತಿರಬೇಕು, ಅಪ್ಪ ಅವಳಿಗೆ ತಮ್ಮವರ ಮಾತನ್ನೇ ಕಲಿಸಲಿಲ್ಲ, ಹದಿನಾಲ್ಕರಲ್ಲಿ ಅತ್ತೆಯ ಹತ್ತಿರ ಕದ್ದು ಕಲಿತದ್ದು, ಇಬ್ಬರೂ ಆ ಮಾತಿನಲ್ಲಿ ನಕ್ಕರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಮನೆಯಲ್ಲಿ ಆ ಕಥೆ ಇದ್ದದ್ದು ನಾಲ್ಕು ತುಂಡಿನಲ್ಲಿ, ಅಜ್ಜಿ ಸಾಯುವವರೆಗೂ ಅದೇ ನಾಲ್ಕು ತುಂಡು, ಇವನನ್ನೂ ಒಯ್ದರು, ಅವನನ್ನೂ ಒಯ್ದರು, ಇವನು ಬಂದ, ಅವನು ಬರಲಿಲ್ಲ. ಬಾರದೇ ಹೋದವನು ಅಪ್ಪನ ತಮ್ಮ, ಅವಳಿಗೆ ಚಿಕ್ಕಪ್ಪ, ಮೂವತ್ತನಾಲ್ಕು ವರ್ಷದ ಅವಳಿಗೆ ಐದೇ ವರ್ಷದ ಒಬ್ಬ ಚಿಕ್ಕಪ್ಪ, ಚಿಕ್ಕವರ ಹಾಸ್ಟೆಲ್ಲಿನ ಮೊದಲ ಚಳಿಗಾಲದಲ್ಲೇ ಜ್ವರ ಬಂದು ಹೋದನಂತೆ, ಮಣ್ಣು ಮಾಡಿದ ಜಾಗ ಯಾರೂ ತೋರಿಸಲಿಲ್ಲ.

ಸರ್, ಮತ್ತೆ ಸರ್, ಅಪ್ಪ ತೂತಿಗೆ ಬೆಣೆ ಬಡಿದು ಎಳೆ ಬಿಗಿ ಮಾಡಿದ, ಅತ್ತೆ ಇನ್ನೂ ಶುರು ಮಾಡಿಲ್ಲ, ಅವನ ಕೈ ಹದಕ್ಕೆ ಬರಲಿ ಎಂದು ಕಾಯುತ್ತಿದ್ದಾಳೇನೋ, ಮೂರೂಕಾಲು, ಕಾಯುವುದಕ್ಕೂ ಒಂದು ಮಿತಿ ಬೇಡವೇ — ಆದರೆ ಅತ್ತೆಗೆ ಅವಸರ ಮಾಡಿಸಲು ಅವಳಿಗೆ ಯಾವ ಬಾಯಿ ಇದೆ, ಎರಡು ವರ್ಷ ಮೇಲಿನ ಈ ಕೋಣೆಯಲ್ಲಿ ಡಬ್ಬಿ ಇಟ್ಟುಕೊಂಡು ಕಾದವಳು, ನಮ್ಮ ಹೆಂಗಸರು ಹೆಸರು ಬರೆಸಿ ಹೋಗುವರು, ಗೊತ್ತುಮಾಡಿದ ಹೊತ್ತಿಗೆ ಬರುವುದಿಲ್ಲ, ಬಂದರೂ ತೆಪ್ಪಗೆ ಕೂತು ಹೋಗುವರು, ಮಂಕುತನ, ಅಸಹಕಾರ ಎಂದು ಫೈಲಿನಲ್ಲಿ ಅವಳೇ ಬರೆದದ್ದು, ಅವಳ ಕೈಯಕ್ಷರವೇ, ಹೋದ ವಾರ ದಿಂಬಿನ ಕವರು ಕೇಳಲು ಕೆಳಮಹಡಿಗೆ ಇಳಿದರೆ ಹಬೆ ತುಂಬಿದ ಕೋಣೆಯಲ್ಲಿ ಅವಳ ರೋಗಿಗಳೆಲ್ಲ ಸಾಲಾಗಿ. ಗಂಡ ನೇಣು ಹಾಕಿಕೊಂಡವಳು, ಮಗನನ್ನು ಕುಡಿತಕ್ಕೆ ಕಳಕೊಂಡವಳು, ಕೈಗೆ ಬ್ಲೇಡು ಎಳೆದುಕೊಳ್ಳುತ್ತಿದ್ದ ಕಾಲೇಜು ಹುಡುಗಿ, ಎಲ್ಲ ಅತ್ತೆಗೆ ಬೆನ್ನು ಕೊಟ್ಟು ಹಾಸಿಗೆ ಬಟ್ಟೆ ಮಡಿಸುತ್ತಿದ್ದರು, ಮತ್ತು ಅತ್ತೆ ಇಸ್ತ್ರಿಯ ಮೇಲಿನ ಕಣ್ಣು ಎತ್ತದೆ ಒಬ್ಬಳ ಕಥೆ ಹೇಳುತ್ತಿದ್ದಳು, ಒಬ್ಬಳಿದ್ದಳು, ಅವಳಿಗೊಬ್ಬ ಗಂಡ ಇದ್ದ. ಅಂದರೆ ನನ್ನ ಗಿರಾಕಿಗಳನ್ನೆಲ್ಲ ನೀನು ಹೊಡಕೊಂಡಿದೀಯ ಎಂದು ಅವಳು ನಗೆಯಾಡಿದ್ದಕ್ಕೆ ಅತ್ತೆ, ನಿನ್ನ ಗಿರಾಕಿಗಳಿಂದ ನನ್ನ ಅರ್ಧ ಕೆಲಸ ಆಗ್ತಿದೆ, ಸುಮ್ನಿರು ಅಂದಳು. ದುಃಖ ಇದ್ದವರು ದುಃಖ ಹೇಳುವುದಿಲ್ಲ ನಮ್ಮಲ್ಲಿ, ಬೇರೆಯವರು ಹೇಳುತ್ತಾರೆ, ಹಿಂದೆ ಕೂತು, ಹೆಸರು ಹಿಡಿಯದೆ, ದುಃಖ ಇದ್ದವರ ಕೈಗೆ ಒಂದು ಕೆಲಸ ಕೊಟ್ಟು, ಮತ್ತು ಹೇಳುವಾಗ ಬೇಕೆಂದೇ ಒಂದು ತಪ್ಪು ಇಡುತ್ತಾರೆ. ತನ್ನ ಬದುಕನ್ನು ತನ್ನ ಬೆನ್ನ ಹಿಂದೆ ಯಾರೋ ತಪ್ಪಾಗಿ ಹೇಳಿದರೆ ಕೇಳಿಕೊಂಡು ಎಷ್ಟು ಹೊತ್ತು ಸುಮ್ಮನಿದ್ದಾರು, ಎಂಥ ಮೂಕನಿಗೂ ಹಾಗಲ್ಲ ಅನ್ನಬೇಕು ಅನ್ನಿಸುತ್ತದೆ, ಆ ಹಾಗಲ್ಲ ಎಂಬುದೇ ಮೊದಲ ಮಾತು, ಉಳಿದದ್ದು ಅದರ ಹಿಂದೆ ಬರುತ್ತದೆ. ತಪ್ಪನ್ನು ಎಲ್ಲಿಡಬೇಕು ಅನ್ನೋದೇ ವಿದ್ಯೆ ಅಂದಿದ್ದಳು ಅತ್ತೆ, ಗಾಯದ ಮೇಲೆ ಇಟ್ರೆ ಕಿರುಚ್ತಾರೆ, ದೂರ ಇಟ್ರೆ ಕೇಳಿಸೋದೇ ಇಲ್ಲ, ಗಾಯದಿಂದ ಒಂದು ಗೇಣು ಆಚೆ ಇಡಬೇಕು. ಅವಳು ನಾಲ್ಕು ವರ್ಷ ಓದಿದ ಯಾವ ಪುಸ್ತಕದಲ್ಲೂ ಈ ಒಂದು ಗೇಣು ಇರಲಿಲ್ಲ. ಹಾಗಿದ್ದರೆ ಆರು ವಾರ ಯಾಕೆ ಸುಮ್ಮನಿದ್ದೆ ಅತ್ತೆ, ನಿನ್ನ ತಮ್ಮ ಅಲ್ಲವಾ ಎಂದು ಅವಳು ಅತ್ತೇಬಿಟ್ಟಳು, ಮನೆಯವರು ಬಂದು ಕೇಳ್ಬೇಕು, ಕೇಳದೆ ಹೇಳೋ ಹಾಗಿಲ್ಲ, ನೀನು ಕೇಳ್ಲಿಲ್ಲ ಅಂದಳು ಅತ್ತೆ, ಅದರಲ್ಲಿ ಕೋಪವೂ ಇರಲಿಲ್ಲ.

ಒಬ್ಬ ಹುಡುಗ ಇದ್ದ, ಎಂದಳು ಅತ್ತೆ ತಮ್ಮವರ ಮಾತಿನಲ್ಲಿ, ಒಂಬತ್ತು ವರ್ಷ. ಅವನಿಗೊಬ್ಬ ತಮ್ಮ, ಕಾಲು ನೆಲದ ಮೇಲೆ ನಿಲ್ತಿರ್ಲಿಲ್ಲ ಅವನಿಗೆ, ಅದಕ್ಕೇ ಮಿಡತೆ ಅಂತಿದ್ರು. ಎಷ್ಟು ಮೆಲ್ಲಗೆ ಹೇಳುತ್ತಾಳೆ, ಕೆಳಮಹಡಿಯಲ್ಲಿ ಬಟ್ಟೆ ಒಗೆಯುವ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಒರಟಾದ ಗಂಟಲು ಇದೇನಾ, ಅಪ್ಪನ ಕೈ ನಿಂತಿಲ್ಲ, ಎಳೆ ಮೇಲೆ, ಎಳೆ ಕೆಳಗೆ, ಅತ್ತೆ ಬೆಳಿಗ್ಗೆ ಎದ್ದ ಮಕ್ಕಳ ಬಗ್ಗೆ ಹೇಳಿದಳು, ತೊಳೆದು ಹರಡಿದ ಬಟ್ಟೆ, ನಾಯಿ ಬೊಗಳಿದ್ದು, ಒಂದು ನೀಲಿ ಲಾರಿ ಬಂತು ಅಂದಳು — ಹಸಿರು, ಎಂದು ಅವಳ ನಾಲಿಗೆ ತುದಿಗೆ ಬಂದುಬಿಟ್ಟಿತು, ಹಸಿರು ಲಾರಿ ಅತ್ತೆ, ಅಜ್ಜಿ ಕೊನೆಯವರೆಗೂ ಹಸಿರು ಸೀರೆ ಮೈಗೆ ಸೋಕಿಸಲಿಲ್ಲ ಮರೆತೆಯಾ, ಬಾಯಿ ತೆರೆದೇ ಬಿಟ್ಟಿದ್ದಳು, ಅತ್ತೆ ತಿರುಗಿ ನೋಡಿದ ನೋಟಕ್ಕೆ ಬಾಯಿ ಮುಚ್ಚಿದಳು. ತಪ್ಪು ಇಟ್ಟದ್ದು ನಿನಗಲ್ಲ, ತೆಪ್ಪಗಿರು ಎಂಬ ನೋಟ ಅದು. ಎಂಥ ಪೆದ್ದಿ ನಾನು, ತಿಳಿದವಳೆಂದು ಮೂಗು ತೂರಿಸಿ ಅಪ್ಪನ ಬಾಯಿಯ ಮಾತನ್ನು ನಾನೇ ಕಸಿದುಕೊಳ್ಳುತ್ತಿದ್ದೆನಲ್ಲ, ಆರು ವಾರ ಮಾಡಿದ್ದೂ ಅದನ್ನೇ ಅಲ್ಲವೇ, ಅತ್ತ ಡಾಕ್ಟರಿಗೆ ಅವಳು ಮೊದಲೇ ಹೇಳಿದ್ದಳು ಲಾರಿ ಹಸಿರೆಂದು, ಅವರ ಪಕ್ಕದಲ್ಲಿ ಕೂತು ಅತ್ತೆಯ ಮಾತನ್ನು ಅವರ ಭಾಷೆಯಲ್ಲಿ ಚೀಟಿಯ ಮೇಲೆ ಗೀಚಿ ಕೊಡುತ್ತಿದ್ದಳು, ಅವರು ಚೀಟಿ ನೋಡಿ ಬದಿಯಲ್ಲಿ ಏನೋ ಬರೆದರು, ಕದ್ದು ಓದಿದರೆ, ಹಿರಿಯಾಕೆಯ ನೆನಪು ನಂಬಲರ್ಹವಲ್ಲ. ಅವಳಿಗೆ ನಗು ಬಂತು, ಇಂಥ ಹೊತ್ತಿನಲ್ಲೂ ನಗು. ಆದರೆ ಅಪ್ಪನ ಕೈ — ನೀಲಿ ಅಂದಾಗ ಅರ್ಧ ಉಸಿರಿನಷ್ಟು ಹೊತ್ತು ನಿಂತಿತ್ತು, ಅವಳು ಕಂಡಳು, ಅತ್ತೆಯೂ ಕಂಡಳು, ಕೇಳಿಸುತ್ತಿದೆ ಅವನಿಗೆ, ಆ ನೀಲಿ ಬರೀ ಬಾಗಿಲು ಬಡಿದು ನೋಡಿದ್ದು. ಮೂರು ನಲವತ್ತು. ಅತ್ತೆ ಪಟ್ಟಿ ಹಿಡಿದು ಬಂದವರ ಬಗ್ಗೆ ಹೇಳಿದಳು, ಆರರಿಂದ ಹನ್ನೆರಡು ವರ್ಷದವರನ್ನು ಕೂಗಿ ಕೂಗಿ ಹತ್ತಿಸಿದ್ದು, ಅಕ್ಕನಿಗೆ ಹದಿಮೂರು, ಪಟ್ಟಿಯಲ್ಲಿಲ್ಲ, ಅವಳು ಅವ್ವನ ತೋಳು ಹಿಡಿದು ನಿಂತಿದ್ದಳು, ಮಿಡತೆಗೆ ಇನ್ನೂ ಐದು, ಅವನೂ ಪಟ್ಟಿಯಲ್ಲಿಲ್ಲ, ಆದ್ರೂ ಲಾರಿ ಹತ್ತಿದ, ಅಂದಳು ಅತ್ತೆ. ಹತ್ತಿದ. ಮನೆಯಲ್ಲಿ ಯಾವತ್ತೂ ಒಯ್ದರು ಎಂದೇ ಇದ್ದದ್ದು, ಅವಳ ಕಿವಿ ನೆಟ್ಟಗಾಯಿತು, ಅಪ್ಪನ ಬೆನ್ನು ಒಂದಿಷ್ಟು ಬಾಗಿತು, ಹೊಸ ಅಂಗಿ ಹಾಕಿದ್ದ ಮಿಡತೆ, ಅಂದಳು ಅತ್ತೆ ಅದೇ ದನಿಯಲ್ಲಿ, ಐದೂ ಗುಂಡಿ ನೆಟ್ಟಗೆ ಹಾಕಿತ್ತು, ಕತ್ತಿನ ತನಕ, ನೆಂಟರ ಮನೆಗೆ ಹೊರಟೋನ ಹಾಗೆ.

ಗುಂಡಿ ತಪ್ಪಿತ್ತು. ಯಾರು ಅಂದದ್ದು — ಅವಳು ಬಾಗಿಲ ಕಡೆ ನೋಡಿದಳು, ಯಾವುದೋ ಮಗು ಒಳಗೆ ಬಂತೇನೋ ಎಂದು, ಯಾರೂ ಇಲ್ಲ, ಅಪ್ಪ, ಅಪ್ಪನೇ, ಮತ್ತೆ ಅಂದ, ತಮ್ಮವರ ಮಾತಿನಲ್ಲೇ, ಗುಂಡಿ ತಪ್ಪಿತ್ತು. ಅವಳು ಹುಟ್ಟಿದ ಲಾಗಾಯ್ತು ಅಪ್ಪನ ಬಾಯಲ್ಲಿ ಆ ಮಾತು ಕೇಳಿದವಳಲ್ಲ, ಅರವತ್ತೊಂದು ವರ್ಷದ, ಕತ್ತು ನೆರಿಗೆಗಟ್ಟಿದ ಅಪ್ಪ ಎಳೆಯ ಹುಡುಗರು ಮಾತಾಡುವಂತೆ ಮಾತಾಡುತ್ತಿದ್ದಾನೆ, ಯಾಕೆ ಎಂದು ಒಂದು ಕ್ಷಣ ತಿಳಿಯದೆ, ಆಮೇಲೆ ತಿಳಿದು, ಅವಳಿಗೆ ಬಾಯಿಗೆ ಸೆರಗು ಒತ್ತಿಕೊಳ್ಳಬೇಕಾಯಿತು, ಒಂಬತ್ತಕ್ಕೆ ನಿಂತುಹೋದ ಭಾಷೆ, ದೊಡ್ಡವರ ಮಾತು ಅವನಿಗೆ ಬರುವುದೇ ಇಲ್ಲ, ಕಲಿಯುವ ಮೊದಲೇ ಒಯ್ದರಲ್ಲ. ಅತ್ತೆ ಮಾತ್ರ ಹೌಹಾರಲಿಲ್ಲ, ಕಣ್ಣು ಕೂಡ ಮಿಟುಕಿಸಲಿಲ್ಲ, ಏನು ಹೆಂಗಸಪ್ಪಾ ಇವಳು, ನನ್ನ ತಪ್ಪು, ಸರಿಮಾಡ್ಕೊಂಡೆ ಅಂದಳು, ಮಿಡತೆ ಗುಂಡಿ ತಪ್ಪಿದ ಅಂಗಿ ಹಾಕ್ಕೊಂಡು ಲಾರಿ ಹತ್ತಿದ, ಅವ್ವ ಗಡಿಬಿಡೀಲಿ ಹಾಕಿರ್ಬೇಕು. ಇನ್ನೊಂದು ತಪ್ಪು, ಅಯ್ಯೋ ಇನ್ನೊಂದು ಇಟ್ಟಳು, ಈ ಸಲ ಗೇಣಿಗಿಂತ ಹತ್ತಿರ. ಅವ್ವ ಅಲ್ಲ, ಅಂದ ಅಪ್ಪ. ನಾನು. ಆರು ಅಂತ ಹೇಳಿದ್ದೂ ನಾನೇ, ಐದು ಅಂದ್ರೆ ಬಿಟ್ಟು ಹೋಗ್ತಾರೆ ಅಂತ. ಒಬ್ನೇ ಹೋಗಕ್ಕೆ ಭಯ ಆಯ್ತು. ಐವತ್ತೆರಡು ವರ್ಷ. ಅವಳ ತಲೆಯಲ್ಲಿ ಆ ಲೆಕ್ಕ ಮಾತ್ರ ಓಡುತ್ತಿದೆ, ಐವತ್ತೆರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಜ್ಜಿಯ ಎದುರು ಉಂಡು, ಎದ್ದು, ಮದುವೆಯಾಗಿ, ಮಗಳನ್ನು ಬೆಳೆಸಿ — ಮತ್ತು ಅತ್ತೆ, ಅವಳು ಅಲ್ಲೇ ನಿಂತಿದ್ದಳು, ಹದಿಮೂರು ವರ್ಷದವಳು, ಎಲ್ಲ ಕಂಡವಳು, ಹೆತ್ತವ್ವನಿಗೂ ಪಿಟ್ಟೆನ್ನದೆ, ತಮ್ಮನ ಮುಖಕ್ಕೆ ಒಂದು ದಿನವೂ ಹಿಡಿಯದೆ, ಯಾರಾದರೂ ಬಂದು ಕೇಳಲಿ ಎಂದು ಇಸ್ತ್ರಿ ಹಿಡಿದು ಕಾದವಳು. ಲಾರಿ ತಂದವರ ತಪ್ಪನ್ನು ಹೊತ್ತದ್ದು ಒಂದು ಹೆದರಿದ ಮಗು, ಪಟ್ಟಿ ಮಾಡಿದವನು ಆ ಸಂಜೆ ಹೊಟ್ಟೆತುಂಬ ಉಂಡಿರುತ್ತಾನೆ, ಅವಳಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಆ ಇಬ್ಬರು ಮುದಿ ಅಕ್ಕತಮ್ಮಂದಿರ ಕಾಲಿಗೆ ಬೀಳಬೇಕೆನ್ನಿಸಿತು. ಅಣ್ಣ ಹಾಕಿದ, ಎಂದು ಅತ್ತೆ ತಿದ್ದಿ ಹೇಳಿದಳು, ಆರು ಅಂತ ಹೇಳಿದ್ದು ಅಣ್ಣ, ಒಂಬತ್ತು ವರ್ಷದ ಅಣ್ಣ, ಒಬ್ನೇ ಹೋಗಕ್ಕೆ ಅವನಿಗೆ ಭಯ ಆಯ್ತು. ಒಂಬತ್ತು ವರ್ಷದ ಎಂಬುದೊಂದನ್ನು ಮಾತ್ರ ಅತ್ತೆ ತನ್ನ ಕಡೆಯಿಂದ ಸೇರಿಸಿದಳು.

ಹೊರಗೆ ಹಾರನ್ನು, ನಾಲ್ಕು, ಚಿಲಕದ ಗಾಡಿ, ಅಪ್ಪನ ಹೆಗಲು ಕಿವಿಯ ತನಕ ಏರಿತು, ಅವಳು ಏಳಬೇಕು ಅಂದುಕೊಳ್ಳುವಷ್ಟರಲ್ಲಿ ಡಾಕ್ಟರೇ ಎದ್ದರು, ಅವರಿಗೆ ಈ ಭಾಷೆ ಬಾರದು, ಅವಳ ಕೈ ಚೀಟಿಯ ಮೇಲೆ ಯಾವಾಗಲೋ ನಿಂತುಹೋಗಿದೆ, ಆದರೂ ಕಣ್ಣು ಕೆಂಪಗಿದೆ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿ ಸದ್ದಾಗದಂತೆ ಬಾಗಿಲು ತೆಗೆದು ಹೋದರು, ಕಿಟಕಿಯಾಚೆ ಅವರ ದನಿ, ಇವತ್ತೂ ಬೇಡ, ನಾಳೆಯೂ ಬೇಡ, ಹೊರಡಿ, ಗಾಡಿಯ ಸದ್ದು ದೂರವಾಯಿತು, ಅಪ್ಪನ ಹೆಗಲು ಇಳಿಯಿತು, ಕೈಯಲ್ಲಿ ಬೆತ್ತದ ಎಳೆ ಒಣಗುತ್ತಿದೆ. ಹತ್ತಿದ ಮೇಲೆ ಸರಿಮಾಡ್ತೀನಿ ಅಂದ್ಕೊಂಡೆ, ಅಂದ ಅಪ್ಪ, ಯಾರೂ ಈಗ ತಪ್ಪು ಇಟ್ಟಿರಲಿಲ್ಲ, ತಾನಾಗಿಯೇ ಅಂದ, ಲಾರೀಲಿ ತುಂಬ ಜನ ಇದ್ರು, ಕೈ ಆಡ್ಸಕ್ಕೆ ಆಗ್ಲಿಲ್ಲ, ಅಡ್ಡರಸ್ತೇಲಿ ಚಿಕ್ಕೋರನ್ನೆಲ್ಲ ಇಳಿಸಿ ಬೇರೆ ಗಾಡೀಗೆ ಹಾಕಿದ್ರು, ನಾನು ಕೂಗ್ದೆ, ಗುಂಡಿ ಗುಂಡಿ ಅಂತ, ಅವನು ನೋಡ್ಕೊಂಡ, ಅವನಿಗೆ ಹಾಕ್ಕೊಳಕ್ಕೆ ಬರ್ತಿರ್ಲಿಲ್ಲ. ಅವಳ ಕಣ್ಣ ಮುಂದೆ ಅಪ್ಪನ ಬೆರಳು, ಈಗಿನದಲ್ಲ, ಆಗಿನ ಬೆರಳು, ದಿನಾ ಶಾಲೆಗೆ ಹೊರಡುವಾಗ ಹೊಸ್ತಿಲ ಹತ್ತಿರ ಮೊಣಕಾಲೂರಿ ಕೂತು ಅವಳ ಅಂಗಿಯ ಗುಂಡಿ ಹಾಕುತ್ತಿದ್ದ, ಕೆಳಗಿನಿಂದ ಮೇಲಕ್ಕೆ, ಎಲ್ಲರ ಅಪ್ಪಂದಿರೂ ಮೇಲಿನಿಂದ ಶುರು ಮಾಡಿದರೆ ಇವನೊಬ್ಬ ಕೆಳಗಿನಿಂದ, ಎರಡೂ ಅಂಚು ಜೋಡಿಸಿ ಹಿಡಿದು, ಹಾಕಿ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ, ನಿಲ್ಲು ಅನ್ನುತ್ತಿದ್ದ, ಎಂಟನೇ ತರಗತಿಯಲ್ಲಿ ಗೆಳತಿಯರು ಕಂಡು ನಕ್ಕ ದಿನ ನಾನೇನು ಮಗುವಾ ಎಂದು ಅವನ ಕೈ ಕೊಡವಿ ಓಡಿದ್ದಳು, ಮಾರನೆಯ ಬೆಳಿಗ್ಗೆ ಅವನು ಮತ್ತೆ ಹೊಸ್ತಿಲ ಹತ್ತಿರ ಕೂತಿದ್ದ, ನಿಲ್ಲು, ಸ್ವಲ್ಪ ನಿಲ್ಲು, ಶಿಸ್ತಿನ ಮನುಷ್ಯ ಎಂದುಕೊಂಡಿದ್ದಳು ಅವಳು, ಹಾಸ್ಟೆಲ್ಲಿನಲ್ಲಿ ಕಲಿಸಿದ ಶಿಸ್ತು ಎಂದು, ಇಷ್ಟು ವರ್ಷ — ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ, ಅಂಥ ಒಂದು ಅಂಗಿ ಅಪ್ಪ ನನ್ನನ್ನು ನೋಡುವಾಗೆಲ್ಲ ನನ್ನ ಹಿಂದೆ ನಿಂತಿತ್ತೇ, ಅಪ್ಪ ಇನ್ನೂ ತಿರುಗಿಲ್ಲ, ಅತ್ತೆ ಮುಂದೆ ಬಾಗಿ ಅವನ ಬೆನ್ನ ಮೇಲೆ ಬರಿಯ ಅಂಗೈ ಇಟ್ಟಿದ್ದಾಳೆ, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ, ಅಡ್ಡರಸ್ತೆಯಲ್ಲಿ ಬೇರೆ ಗಾಡಿಯ ಹಿಂಬದಿಯಲ್ಲಿ ನಿಂತ ಐದು ವರ್ಷದ ಚಿಕ್ಕಪ್ಪ ತಲೆ ಬಗ್ಗಿಸಿ ತನ್ನ ಎದೆ ನೋಡಿಕೊಳ್ಳುತ್ತಿದ್ದಾನೆ, ಕತ್ತಿನ ಹತ್ತಿರ ಒಂದು ಖಾಲಿ ಕಾಜ, ಕೆಳಗೆ ಒಂದು ಗುಂಡಿ, ಒಂದು ಗುಂಡಿ ಹಾಗೇ